ನೆಲ ಅಲುಗಿದ ವರ್ಷ ಬಂದ ಬೆಕ್ಕು

ಮೊನ್ನೆ ಸಂಜೆ ಪತ್ರಿಕೆ ಓದುತ್ತಾ ನಿಮ್ಮಲ್ಲೊಬ್ಬರು ಕೇಳಿದಿರಿ: ಉತ್ತರದ ಕಡೆ ಮತ್ತೆ ನೆಲ ನಡುಗಿದೆ, ಸಮುದ್ರದಾಚೆ ಒಂದು ಬೆಟ್ಟ ಬೆಂಕಿ ಕಾರುತ್ತಿದೆ, ಹೀಗೆ ಮೇಲಿಂದ ಮೇಲೆ ಆದರೆ ಲೋಕಕ್ಕೆ ಕೊನೆ ಬಂತೆಂದೇ ಅರ್ಥವೇ, ಹೆತ್ತೆ? ಮನೆ ತುಂಬ ನೆಂಟರಿದ್ದರು. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನೀವು ಹೆತ್ತೆ ಎಂದು ಕರೆಯುವ ಈ ಅಜ್ಜಿಗೆ ಎಂದೂ ಬಂದಿಲ್ಲ. "ಒಲೆ ಮೇಲೆ ಹಾಲಿದೆ" ಎಂದು ಎದ್ದು ಹೋದೆ. ಒಲೆ ಮೇಲೆ ಏನೂ ಇರಲಿಲ್ಲ. ಹಟ್ಟಿಯ ಶಾಲೆಯಲ್ಲಿ ಕಲಿತ ಕನ್ನಡ ಇನ್ನೂ ಮರೆತಿಲ್ಲವಾದ್ದರಿಂದ ಬರೆದೇ ಹೇಳುತ್ತೇನೆ.

ನಾನು ಮದುವೆಯಾಗಿ ಕೋತಗಿರಿಯ ಮೇಲಿನ ಈ ಹಟ್ಟಿಗೆ ಬಂದ ಮರುವರ್ಷದ ಮಾತು. ಕುನ್ನೂರಿಗೆ ಮೊದಲ ರೈಲು ಬೆಟ್ಟ ಏರಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಚಳಿ ಮುಗಿದು ಹುಲ್ಲು ಒಣಗುವ ಹೊತ್ತಿಗೆ ಒಂದು ಬೆಳಿಗ್ಗೆ ನೆಲ ಅಲುಗಿತು. ಯಾರೋ ಇಡೀ ಮನೆಯನ್ನು ಮೊರದಲ್ಲಿ ಹಾಕಿ ಕೇರಿದಂತಾಯಿತು. ಅತ್ತೆ ಕೈಯಲ್ಲಿದ್ದ ಸೌಟಿನ ಜೊತೆಗೇ ಹೊರಗೆ ಓಡಿದರು. ನಾನು ಹೊಟ್ಟೆ ಹಿಡಿದುಕೊಂಡು ಅವರ ಹಿಂದೆ ಓಡಿದೆ. ಆ ಹೊಟ್ಟೆಯಲ್ಲಿದ್ದವನು ನಿಮ್ಮಲ್ಲಿ ಕೆಲವರಿಗೆ ಅಪ್ಪ, ಕೆಲವರಿಗೆ ದೊಡ್ಡಪ್ಪ.

ಗೋಡೆಯ ಮಣ್ಣು ಸ್ವಲ್ಪ ಉದುರಿತು, ಅಷ್ಟೇ. ಆದರೆ ಮಾತು ಬಹಳ ಉದುರಿತು. ನಿಮ್ಮ ತಾತ ರೈಲಿನ ಮೇಲೆ ತಪ್ಪು ಹೊರಿಸಿದರು.

"ಬೆಟ್ಟದ ಬೆನ್ನಿಗೆ ಕಬ್ಬಿಣದ ಹಲ್ಲು ಕಚ್ಚಿಸಿದ್ದಾರೆ. ಅದಕ್ಕೆ ನೋವಾಗದಾ?"

"ನೋವಾದ್ದು ಕುನ್ನೂರಿನಲ್ಲಿ, ಕೂಗಿದ್ದು ಎಂಗ ಹಟ್ಟಿಯಲ್ಲಿಯಾ?" ಎಂದು ಅತ್ತೆ ಕೇಳಿದರು.

ಇದನ್ನು ನಕ್ಕು ತಳ್ಳಿಹಾಕದೆ ಇದ್ದವರು ಒಬ್ಬರೇ, ನನ್ನ ಮಾವನ ಅಣ್ಣ. ನಾನು ಅವರನ್ನು ದೊಡ್ಡ ಮಾವ ಎನ್ನುತ್ತಿದ್ದೆ. ಸಾಲುಮನೆಯಲ್ಲಿ ನಮ್ಮ ಪಕ್ಕದ ಮನೆ ಅವರದು, ನಡುವೆ ಒಂದೇ ಗೋಡೆ. ಅವರು ಹುಡುಗನಾಗಿದ್ದಾಗ ಒಮ್ಮೆ ಹೀಗೆಯೇ ನೆಲ ಅಲುಗಿತ್ತಂತೆ. ಎಲ್ಲರೂ ನಕ್ಕು ಮರೆತರು. ಆ ಮಳೆಗಾಲದಲ್ಲಿ ಬೆಟ್ಟದ ಒಂದು ಮಗ್ಗುಲು ಜಾರಿ ದನದ ಕೊಟ್ಟಿಗೆ ಮುಚ್ಚಿಹೋಯಿತು. ಒಳಗೆ ಹಾಲು ಕರೆಯುತ್ತಿದ್ದ ಅವರ ಸೋದರಮಾವ ಹೊರಗೆ ಬರಲಿಲ್ಲ. ಆದ್ದರಿಂದ ದೊಡ್ಡ ಮಾವ ಹೆದರಿದರೆ ಅದನ್ನು ಮುದುಕರ ಹೆದರಿಕೆ ಎಂದು ತಳ್ಳಿಬಿಡುವಂತಿರಲಿಲ್ಲ.

"ಭೂಮಿ ಏನೋ ಹೇಳ್ತಾ ಇದೆ. ಹೇಳಿ ಮುಗಿಸುವವರೆಗೆ ಮನೆಯಲ್ಲಿ ಒಳ್ಳೆಯ ಕೆಲಸ ಬೇಡ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ನೆಲ ಸುಮ್ಮನಿರಲಿ, ಆಮೇಲೆ ನೋಡುವ" ಎಂದರು ಅವರು.

ಒಳ್ಳೆಯ ಕೆಲಸ ಎಂದರೆ ನನ್ನ ಕಣ್ಣಿ. ನಿಮಗೆ ಗೊತ್ತಿರುವುದೇ, ಆದರೂ ಬರೆದಿಡುತ್ತೇನೆ. ನಮ್ಮಲ್ಲಿ ಹುಡುಗಿ ಗಂಡನ ಮನೆಗೆ ಬಂದ ಮಾತ್ರಕ್ಕೆ ಮದುವೆ ಗಟ್ಟಿಯಾಗುವುದಿಲ್ಲ. ಚೊಚ್ಚಲ ಬಸಿರಿನ ಏಳನೆಯ ತಿಂಗಳಲ್ಲಿ ಹುಡುಗಿಯ ಅಪ್ಪನನ್ನು ಕರೆಸಿ, ಎಲ್ಲರೆದುರು ಅವನನ್ನು ಕೇಳಿ, ಗಂಡ ಅವಳ ಕೊರಳಿಗೆ ನೂಲಿನ ಕಣ್ಣಿ ಹಾಕಬೇಕು. ಆಗಲೇ ಅವಳು ಆ ಮನೆಯವಳು. ಕಣ್ಣಿ ಬೀಳುವ ಮೊದಲೇ ಕೂಸು ಹುಟ್ಟಿದರೆ ಅದನ್ನು ಆ ಮನೆಯ ಕೂಸು ಎಂದು ಯಾರೂ ಎಣಿಸುವುದಿಲ್ಲ. ನನಗೆ ಆಗಲೇ ಏಳು ತುಂಬುತ್ತಾ ಬಂದಿತ್ತು.

ದೊಡ್ಡ ಮಾವ ಅಂಗಳದ ಕಲ್ಲಿನ ಮೇಲೆ ಹಿತ್ತಾಳೆಯ ಬಟ್ಟಲೊಂದರಲ್ಲಿ ನೀರು ತುಂಬಿಟ್ಟು ಅದರ ಎದುರು ಕುಳಿತರು. ನೀರಿನಲ್ಲಿ ಬಳೆಯಂಥ ಅಲೆ ಎದ್ದರೆ ನೆಲ ಅಲುಗಿತೆಂದು ಲೆಕ್ಕ, ಕಾಯುವುದು ಮತ್ತೆ ಮೊದಲಿನಿಂದ. ಕೆಲವು ದಿನ ಕಳೆದು ಅಲೆ ಎದ್ದಿತು. ಇನ್ನೂ ಕೆಲವು ದಿನಕ್ಕೆ ಮತ್ತೊಮ್ಮೆ. ಸಾಲದ್ದಕ್ಕೆ ಎದುರಿನ ಬೆಟ್ಟದ ಬೆನ್ನಿನಿಂದ ಹೊಗೆ ಬೇರೆ ಏಳತೊಡಗಿತು. ಸಂತೆಯಲ್ಲಿ ಯಾರೋ ಬೆಂಕಿ ಬೆಟ್ಟಗಳ ಸುದ್ದಿ ಹೇಳಿದ್ದರು. ದೊಡ್ಡ ಮಾವ ಹೊಗೆಯನ್ನೂ ಬಟ್ಟಲನ್ನೂ ಸರದಿಯಂತೆ ನೋಡುತ್ತಾ ಕುಳಿತರು. ಅತ್ತೆ ನನ್ನ ಹೊಟ್ಟೆಯನ್ನು ನೋಡುತ್ತಾ ಕುಳಿತರು.

ಆಮೇಲೆ ಒಂದು ಮಧ್ಯಾಹ್ನ ಹಾಲಿನ ಕೋಣೆಯಲ್ಲಿ ಗಡಿಗೆಗಳು ಗಡಗಡ ಎಂದವು. ಹಾಲಿನ ಕೋಣೆಗೆ ನಮ್ಮಲ್ಲಿ ಹೆಂಗಸರು ಕಾಲಿಡುವುದಿಲ್ಲ, ಮನೆಯ ಗಂಡಸರೇ ಹೋಗಬೇಕು. ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತದೆ, ಗೋಡೆಯಾಚೆಗೂ ಕೇಳುವ ಹಾಗೆ ಕೂಗಿದರು:

"ಥೂ, ಹಾಳು ಬೆಕ್ಕು! ಹಾಲಿಗೆ ಬಾಯಿ ಹಾಕಿತು ನೋಡಿ!"

ನಮ್ಮ ಮನೆಯಲ್ಲಿ ಬೆಕ್ಕು ಇರಲಿಲ್ಲ. ಸಾಲಿನ ಯಾವ ಮನೆಯಲ್ಲೂ ಇರಲಿಲ್ಲ. ಮಾವ ಹಾಲಿನ ಕೋಣೆಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಹೊರಗೆ ಬಂದರು. ಅತ್ತೆ ಅವರನ್ನೇ ದಿಟ್ಟಿಸಿ ನೋಡಿದರು.

"ಬೆಕ್ಕೇ. ಓಡಿಹೋತು" ಎಂದರು ಮಾವ.

ಗೋಡೆಯಾಚೆಯಿಂದ ದೊಡ್ಡ ಮಾವನ ದನಿ ಬಂತು. "ಎನ್ನ ಮನೆಯಲ್ಲೂ ಗಡಿಗೆ ಅಲುಗಿತಲ್ಲ?"

"ನಿಂಗ ಮನೆಗೂ ಬಂತಾ ಭಾವ? ಎಷ್ಟು ಕೊಬ್ಬು ನೋಡಿ ಅದಕ್ಕೆ!" ಎಂದರು ಅತ್ತೆ.

ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಅಂಗಳದ ಬಟ್ಟಲಿನಲ್ಲೂ ಅಲೆ ಏಳಬೇಕಿತ್ತು. ಆದರೆ ಅದಕ್ಕಿಂತ ಮೊದಲೇ ನಮ್ಮ ಕರು ಆ ನೀರನ್ನು ಕುಡಿದು ಮುಗಿಸಿತ್ತು. ಕರುವಿನ ಹಗ್ಗ ಅಂದು ಯಾರು ಬಿಚ್ಚಿದರೋ, ನಾನು ಕೇಳಲಿಲ್ಲ.

ಆ ಬೆಕ್ಕು ಆಮೇಲೂ ಎರಡು ಮೂರು ಸಲ ಬಂತು. ಪ್ರತಿ ಸಲವೂ ಅತ್ತೆ ಅದನ್ನು ಬೈದರು, ಮಾವ ಅದನ್ನು ಓಡಿಸಿದರು. ಅದರ ಬಣ್ಣ ಯಾವುದೆಂದು ಕೂಡ ಇಬ್ಬರೂ ಮಾತಾಡಿಕೊಂಡಿದ್ದರೆಂದು ಕಾಣುತ್ತದೆ. ಯಾರೋ ಕೇಳಿದಾಗ ಇಬ್ಬರೂ ಒಟ್ಟಿಗೆ "ಕಂದು" ಎಂದರು.

ಮನೆಯಲ್ಲಿ ಎಲ್ಲರ ನಡುವೆ ಇದೆಲ್ಲ ನಗೆ. ಆದರೆ ಹೊರೆ ಸೌದೆ ಹೊತ್ತು ಬರುವಾಗ ಸೊಂಟ ಹಿಡಿದುಕೊಂಡರೆ ಹೊರೆ ಇಳಿಸಿ ನಿಂತುಬಿಡುತ್ತಿದ್ದೆ. ಕೂಸು ಈಗಲೇ ಬಂದುಬಿಟ್ಟರೆ? ಲೋಕ ಮುಳುಗುವ ಹೆದರಿಕೆ ನನಗೆ ಇರಲಿಲ್ಲವೆಂದಲ್ಲ. ಮುಳುಗುವುದಾದರೆ ಕಣ್ಣಿ ಬಿದ್ದ ಮೇಲೆ ಮುಳುಗಲಿ ಎಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಕೀಳ್ ಕೋತಗಿರಿ ಕಡೆಯಿಂದ ನನ್ನ ಅಪ್ಪ ಹತ್ತಿ ಬಂದ. ಯಾರೂ ಕರೆದಿರಲಿಲ್ಲ. ನಾನು ತಲೆ ಬಗ್ಗಿಸಿದೆ. ತಲೆಯ ಮೇಲೆ ಕೈಯಿಟ್ಟು "ಬದುಕು" ಎಂದು ಹರಸಿದವನು, ಅಂಗಳದಲ್ಲೇ ನಿಂತು ದೊಡ್ಡ ಮಾವನ ಕಡೆ ತಿರುಗಿದ.

"ಕಣ್ಣಿ ಹಾಕುವುದಕ್ಕೆ ಏನ ತಡ? ಎನ್ನ ಮಗಳು ನೋಡಿದರೆ ಇವತ್ತೋ ನಾಳೆಯೋ ಅನ್ನೋ ಹಾಗಿದ್ದಾಳೆ."

ದೊಡ್ಡ ಮಾವ ಎದುರಿನ ಬೆಟ್ಟದ ಹೊಗೆ ತೋರಿಸಿದರು. "ಅದು ಏನ ಗೊತ್ತಾ?"

"ಗೊತ್ತಿಲ್ಲದೆ? ನೀಲಗಿರಿ ಎಣ್ಣೆ ಕಾಯಿಸುವ ಭಟ್ಟಿ. ಅದೇ ಬೆಂಕಿಯಲ್ಲಿ ಈ ಚುಟ್ಟ ಹಚ್ಚಿಕೊಂಡು ಬಂದೆ. ಎಳೆಯುತ್ತೀರಾ?"

ದೊಡ್ಡ ಮಾವ ಚುಟ್ಟ ತೆಗೆದುಕೊಂಡರು. ಅದನ್ನು ತಿರುಗಿಸಿ ನೋಡಿ, ಆಮೇಲೆ ಅತ್ತೆಯನ್ನು ಕರೆದು ಕೇಳಿದರು. "ಹೋದ ಅಮಾವಾಸ್ಯೆ ಆದ ಮೇಲೆ ನಿಂಗ ಮನೆಯಲ್ಲಿ ಏನಾದರೂ ಅಲುಗಿತಾ?"

"ಇಲ್ಲೆ ಭಾವ."

"ಏನೂ ಇಲ್ಲೆಯಾ?"

"ಬೆಕ್ಕು ಬಂದಿತ್ತು."

"ಹ್ಞೂಂ" ಎಂದರು ದೊಡ್ಡ ಮಾವ. ಒಂದು ದಮ್ಮು ಎಳೆದು, "ಹಾಗಾದರೆ ಅಮಾವಾಸ್ಯೆ ಕಳೆದ ಮರುದಿನ ಇಟ್ಟುಕೊಳ್ಳಿ" ಎಂದರು.

ಆ ದಿನ ಮನೆಯೊಳಗೆ ಉಸಿರಾಡಲು ಜಾಗವಿಲ್ಲದಷ್ಟು ಜನ. ನನ್ನನ್ನು ಕೂರಿಸಿದರು. ದೀಪ ಹಚ್ಚಿದ್ದರು. ನಿಮ್ಮ ತಾತ ಎರಡು ಕೈಯಲ್ಲೂ ಕಣ್ಣಿ ಹಿಡಿದು ನನ್ನ ಅಪ್ಪನ ಮುಂದೆ ನಿಂತರು.

"ಮಾವ, ನಿಂಗ ಮಗಳ ಕೊರಳಿಗೆ ಕಣ್ಣಿ ಹಾಕಲಾ?"

ಅಪ್ಪ ಬಾಯಿ ತೆರೆದ. ಅಷ್ಟರಲ್ಲಿ ಹಾಲಿನ ಕೋಣೆಯ ಗಡಿಗೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ದೀಪದ ಕುಡಿ ಈ ಕಡೆ, ಆ ಕಡೆ ವಾಲಿತು. ನಾನು ಕುಳಿತ ನೆಲವೇ ಯಾರೋ ಮಗ್ಗುಲು ಬದಲಾಯಿಸಿದ ಹಾಗೆ ಸರಿದಂತಾಯಿತು. ಅಲ್ಲಿದ್ದ ಒಬ್ಬರಿಗೂ ಅದು ತಿಳಿಯದೆ ಉಳಿಯಲಿಲ್ಲ.

ಎಲ್ಲರೂ ದೊಡ್ಡ ಮಾವನ ಕಡೆ ನೋಡಿದರು. ಅವರ ಮುಖ ಬಿಳುಚಿಕೊಂಡಿತ್ತು. ಅಷ್ಟು ಸಲ ಸುಳ್ಳು ಹೇಳಿದ್ದ ಅತ್ತೆಗೆ ಆ ಒಂದು ಗಳಿಗೆಯಲ್ಲಿ ಬಾಯೇ ಬರಲಿಲ್ಲ. ನಾನು ತಲೆ ಬಗ್ಗಿಸಿ ಕಣ್ಣಿಯನ್ನೇ ನೋಡುತ್ತಿದ್ದೆ. ಅದು ನನ್ನ ಕೊರಳಿಗೆ ಒಂದು ಮೊಳ ದೂರದಲ್ಲಿತ್ತು.

ದೊಡ್ಡ ಮಾವ ಹಾಲಿನ ಕೋಣೆಯ ಬಾಗಿಲ ಕಡೆ ಮುಖ ತಿರುಗಿಸಿದರು. ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿದರು.

"ಹಾಳು ಬೆಕ್ಕು" ಎಂದರು. "ಏನ ಬೀಗರೇ, ಹುಡುಗ ಕೇಳಿದ್ದು ಕಿವಿಗೆ ಬೀಳಲಿಲ್ಲೆಯಾ?"

"ಹಾಕು ಹಾಕು, ಬೇಗ ಹಾಕು" ಎಂದ ಅಪ್ಪ. ಕಣ್ಣಿ ಬಿತ್ತು.

ಅಂದಿನಿಂದ ನೆಲ ಎಷ್ಟು ಸಲ ಅಲುಗಿತೋ ನಾನು ಲೆಕ್ಕ ಇಟ್ಟಿಲ್ಲ. ಕೆಲವು ಸಲ ಅದರ ಹಿಂದೆ ಕೆಟ್ಟದ್ದು ಬಂತು, ಹೆಚ್ಚಿನ ಸಲ ಬರಿಯ ಬೆಳಗು ಬಂತು. ಯಾವ ಸಲ ಯಾವುದು ಎಂದು ಹೇಳುವ ಶಕ್ತಿ ನನಗಿಲ್ಲ, ಪತ್ರಿಕೆಯವರಿಗೂ ಇದೆಯೆಂದು ಕಾಣುವುದಿಲ್ಲ. ದೊಡ್ಡ ಮಾವ ಆ ಹೆದರಿಕೆಯನ್ನು ಕೊನೆಯವರೆಗೂ ಬಿಡಲಿಲ್ಲ. ಮಳೆ ಜೋರಾದರೆ ಕೊಟ್ಟಿಗೆಯಿಂದ ಎಲ್ಲರನ್ನೂ ಹೊರಗೆ ಕರೆಯುತ್ತಿದ್ದರು, ನಾವೂ ಮಾತಾಡದೆ ಹೊರಗೆ ಬರುತ್ತಿದ್ದೆವು.

ಕಣ್ಣಿಯ ಮರುದಿನ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದಾಗ ಅವರು ಬಂದು ಕಲ್ಲಿನ ಮೇಲಿದ್ದ ಹಿತ್ತಾಳೆಯ ಬಟ್ಟಲನ್ನು ಎತ್ತಿದರು. ನೀರು ಚೆಲ್ಲದ ಹಾಗೆ ನಡೆದುಹೋಗಿ ಕರುವಿನ ಮುಂದೆ ಇಟ್ಟು, ಅದು ಕುಡಿದು ಮುಗಿಸುವ ತನಕ ಅಲ್ಲೇ ನಿಂತಿದ್ದರು.