ಕುಂಬಳಕಾಯಿ ಹರಾಜಿನ ವಿಶ್ವವಿದ್ಯಾಲಯ

ಶಿವಮೊಗ್ಗದ ಗೋಪಾಳ ದಾಟಿ ಸ್ವಲ್ಪ ಮುಂದೆ ಹೋದರೆ ಎಡಗಡೆ ದೊಡ್ಡದೊಂದು ಕಮಾನು ಕಾಣುತ್ತದೆ. ಮೇಲೆ ಶಿಲುಬೆ, ಕೆಳಗೆ ವಿಶ್ವವಿದ್ಯಾಲಯದ ಹೆಸರು. ಗೇಟಿನಲ್ಲಿ ಸೆಕ್ಯುರಿಟಿಯವನು ನನ್ನ ಸ್ಕೂಟರ್ ನಿಲ್ಲಿಸಿ, ಯಾರನ್ನು ನೋಡಬೇಕು ಎಂದು ವಿಚಾರಿಸುತ್ತಾನೆ. ಈ ಕಟ್ಟಡದ ಬುನಾದಿಯಲ್ಲಿ ನಾನು ಕೂಗಿ ಮಾರಿದ ಕುಂಬಳಕಾಯಿಗಳಿವೆ ಎಂದು ಅವನಿಗೆ ಹೇಳಿ ಉಪಯೋಗವಿಲ್ಲ. ಹೆಸರು ಬರೆದು, ಸಹಿ ಹಾಕಿ ಒಳಗೆ ಹೋಗುತ್ತೇನೆ. ಇತ್ತೀಚೆಗೆ ಅದೂ ಇಲ್ಲ. ಕಮಾನು ಕಂಡರೆ ಮುಖ ತಿರುಗಿಸಿಕೊಂಡು ಹೋಗಿಬಿಡುತ್ತೇನೆ.

ನಾನು ಭದ್ರಾವತಿಯ ತರಕಾರಿ ಮಂಡಿಯಲ್ಲಿ ದಲ್ಲಾಳಿ. ಅಪ್ಪ ಅದೇ ಮಂಡಿಯಲ್ಲಿ ಮೂಟೆ ಹೊತ್ತವರು. ನಮ್ಮದು ಹಿಂದೂ ಮನೆ, ಶನಿವಾರ ತಪ್ಪದೆ ಹನುಮಂತನ ಗುಡಿಗೆ ಹೋಗುವವರು. ಆದರೂ ಅಕ್ಷರ ಕಲಿತದ್ದು ನ್ಯೂ ಟೌನಿನಲ್ಲಿ ಸಿಸ್ಟರುಗಳು ನಡೆಸುತ್ತಿದ್ದ ಕನ್ನಡ ಶಾಲೆಯಲ್ಲಿ. ಆಗ ಅದು ಶೀಟು ಹೊದಿಸಿದ ಉದ್ದನೆಯ ಒಂದು ಕೊಟ್ಟಿಗೆ. ಕಬ್ಬಿಣದ ಕಾರ್ಖಾನೆಯ ಶಿಫ್ಟಿನ ಸೈರನ್ ಕೂಗಿದರೆ ಪಾಠ ನಿಲ್ಲುತ್ತಿತ್ತು, ಸಿಸ್ಟರ್ ದನಿ ನಮಗೆ ಕೇಳುತ್ತಿರಲಿಲ್ಲ. ನನ್ನ ದನಿ ಮಾತ್ರ ಆಗಲೂ ಕೇಳುತ್ತಿತ್ತಂತೆ. ಹಾಗಾಗಿಯೇ, ನಾನು ಮಂಡಿಯಲ್ಲಿ ಹರಾಜಿನ ಸವಾಲು ಕೂಗಿ ನಾಲ್ಕು ಕಾಸು ಮಾಡಿಕೊಳ್ಳತೊಡಗಿದಾಗ, ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕರೆಸಿ, ಚರ್ಚಿನ ಹಬ್ಬದ ಹರಾಜು ಇನ್ನು ಮುಂದೆ ನೀನೇ ಕೂಗಬೇಕು ಎಂದರು. ದೇವರು ಬೇರೆಯಾದರೂ ಗಂಟಲು ಒಂದೇ ತಾನೆ ಎಂದು ನಕ್ಕರು.

ಆ ಹರಾಜಿನ ಪದ್ಧತಿಯನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಬ್ಬದ ಪೂಜೆ ಮುಗಿದ ಮೇಲೆ ಚರ್ಚಿನ ಮುಂದೆ ಒಂದು ಮೇಜು ಹಾಕುತ್ತಿದ್ದರು. ಕಾರ್ಖಾನೆಯ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಬೆಳೆದ ಕುಂಬಳಕಾಯಿ, ಬಾಳೆಗೊನೆ, ಒಂದು ಕೋಳಿ, ಹೀಗೆ ಅವರವರ ಕೈಲಾದದ್ದು ಅದರ ಮೇಲೆ ಬರುತ್ತಿತ್ತು. ನಾನು ಕೂಗುವುದು, ಜನ ಏರಿಸುವುದು. ಗೆದ್ದವನು ಕಾಯಿಯನ್ನು ಮನೆಗೆ ಒಯ್ಯುತ್ತಿರಲಿಲ್ಲ. ದುಡ್ಡು ಕೊಟ್ಟು, ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿ ಮೇಜಿನ ಮೇಲೆಯೇ ಇಟ್ಟು, ದೇವರಿಗೆ ಕೊಟ್ಟದ್ದು, ನಿಮ್ಮ ಇಷ್ಟ ಎಂದು ಫಾದರಿಗೆ ಕೈಮುಗಿಯುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಅದನ್ನೇ ಮತ್ತೆ ಕೂಗುತ್ತಿದ್ದೆ. ಕೈಯಿಂದ ಕೈಗೆ ಹೋದಂತೆ ಮಾಲಿನ ಬೆಲೆ ಇಳಿಯುವುದನ್ನು ಕಂಡವನು ನಾನು. ಇಲ್ಲಿ ಒಂದೇ ಕುಂಬಳಕಾಯಿ ಸಂಜೆಯವರೆಗೆ ಏರುತ್ತಲೇ ಹೋಗುತ್ತಿತ್ತು. ಕಾಯಿಯಲ್ಲಿ ಹುಳುಕು ಹುಡುಕಿ ಬದುಕಿದ ನನಗೆ ಅಲ್ಲಿ ಅದನ್ನು ಹೊಗಳುವ ಕೆಲಸ.

ಕೊಟ್ಟಿಗೆ ಆ ಹರಾಜಿನ ದುಡ್ಡಿನಿಂದಲೇ ಹೈಸ್ಕೂಲಾಯಿತು. ಓವರ್‌ಟೈಮ್ ಸಿಗುತ್ತಿದ್ದ ಕಾಲ, ಜನ ಧಾರಾಳವಾಗಿ ಕೂಗಿದರು. ಚರ್ಚಿನವರು ಶಿವಮೊಗ್ಗದಲ್ಲಿ ಜಾಗ ಕೊಂಡರು, ಕಾಲೇಜು ಕಟ್ಟಿದರು, ಹಾಸ್ಟೆಲ್ ಬಂತು, ಕೊನೆಗೆ ವಿಶ್ವವಿದ್ಯಾಲಯ. ಅತ್ತ ಅದು ಮಹಡಿಯ ಮೇಲೆ ಮಹಡಿ ಏರಿಸುತ್ತಿದ್ದಾಗ ಇತ್ತ ಕಾರ್ಖಾನೆ ಒಂದೊಂದೇ ಕುಲುಮೆ ಆರಿಸುತ್ತಿತ್ತು. ಕ್ವಾರ್ಟರ್ಸುಗಳ ಬಾಗಿಲಿಗೆ ಬೀಗ ಬಿತ್ತು. ಹಿತ್ತಿಲಿನ ಕುಂಬಳದ ಬಳ್ಳಿ ಕಿಟಕಿಯೊಳಗೆ ಹಬ್ಬಿತು. ಶಾಲೆಯಲ್ಲಿ ಮಕ್ಕಳು ಕಡಿಮೆಯಾದರು. ವಿಶ್ವವಿದ್ಯಾಲಯದವರು ತಮ್ಮ ಚರಿತ್ರೆಯ ಪುಸ್ತಕವೊಂದನ್ನು ಅಚ್ಚು ಮಾಡಿಸಿ ನನಗೂ ಕೊಟ್ಟರು, ನುಣುಪು ಕಾಗದ. ಭದ್ರಾವತಿಗೆ ಅದರಲ್ಲಿ ಒಂದು ಸಾಲು ಸಿಕ್ಕಿದೆ.

ಹೋದ ವರ್ಷ, ಈಗ ಆಡಳಿತ ನೋಡಿಕೊಳ್ಳುವ ವಿಶ್ವವಿದ್ಯಾಲಯದವರಿಂದ ನಮ್ಮ ಶಾಲೆ ಮುಚ್ಚುವ ಮಾತು ಬಂತು. ಅದರಿಂದ ನಿಜಕ್ಕೂ ಏಟು ತಿಂದವರು ಕಾರ್ಖಾನೆಯ ಫೌಂಡ್ರಿಯಲ್ಲಿ ಅಚ್ಚು ಹಾಕುತ್ತಿದ್ದ, ಅದೇ ಚರ್ಚಿಗೆ ಸೇರಿದ ಒಬ್ಬ ತಮಿಳು ಹಿರಿಯರು. ನನಗೆ ಅವರು ಅಣ್ಣ, ಅವರಿಗೆ ನಾನು ತಂಬಿ. ಶಾಲೆಯ ಗಂಟೆಯನ್ನು ಪ್ರಾಯದಲ್ಲಿ ಫೋರ್‌ಮನ್ನನ ಒಪ್ಪಿಗೆ ಪಡೆದು, ಉಳಿದ ಬೀಡುಕಬ್ಬಿಣದಲ್ಲಿ ಎರಕ ಹೊಯ್ದವರು ಅವರೇ. ಕಂಚಿನಂತೆ ಇಂಪಾಗಿ ಅನುರಣಿಸುವುದಿಲ್ಲ, ಠಣ್ ಎಂದು ನಿಲ್ಲುತ್ತದೆ. ಮಗಳು ತೀರಿಕೊಂಡ ಮೇಲೆ ಮೊಮ್ಮಗಳನ್ನು ಸಾಕಿಕೊಂಡಿದ್ದರು. ಹುಡುಗಿ ಅದೇ ಶಾಲೆಯಲ್ಲಿ ಎಂಟು ಮುಗಿಸಿದ್ದಳು, ಓದಿನಲ್ಲಿ ಚುರುಕು. ಅಣ್ಣನಿಗೆ ಬೇಕಾಗಿದ್ದದ್ದು ಇಷ್ಟೇ: ಅವಳು ಹತ್ತನೇ ಕ್ಲಾಸು ಮುಗಿಸುವವರೆಗೆ ಶಾಲೆ ಇರಬೇಕು.

ವಿಶ್ವವಿದ್ಯಾಲಯದಿಂದ ಫಾದರ್ ಬಂದು ಸಭೆ ನಡೆಸುತ್ತಾರೆ ಎಂದು ಗೊತ್ತಾದಾಗ ನಾನು ಅಣ್ಣನನ್ನು ಟೀ ಅಂಗಡಿಗೆ ಕರೆದೊಯ್ದು ಕೂರಿಸಿದೆ. ಚೌಕಾಸಿಗೆ ಒಂದು ಶಾಸ್ತ್ರವಿದೆ. ಯಾರು ಕೇಳಿದರೂ ಹೇಳಿಕೊಡುತ್ತೇನೆ, ಕೇಳದವರಿಗೂ.

"ಮೊದ್ಲು ಬಾಯಿ ಬಿಡಬೇಡಿ ಅಣ್ಣ. ಫಾದರ್ ಮಾತು ಮುಗಿಸ್ಲಿ. ಆಮೇಲೆ ಐದು ವರ್ಷ ನಡೆಸಿ ಅಂತ ಕೇಳಿ. ಎರಡಕ್ಕೆ ಬಂದು ನಿಲ್ತಾರೆ. ನಿಮಗೆ ಬೇಕಾಗಿರೋದೂ ಅಷ್ಟೇ."

"ಫಾದರ್ ಹತ್ರ ವ್ಯಾಪಾರ ಮಾಡೋದಾ ತಂಬಿ?"

"ವ್ಯಾಪಾರ ಅಲ್ಲ ಮಾರಾಯ್ರೆ, ಕೇಳೋದು. ಅಳದೇ ಇದ್ರೆ ತಾಯೀನೂ ಹಾಲು ಕೊಡಲ್ಲ."

"ನೀನು ಸತ್ತ ಮೇಲೆ ಯಮನ ಹತ್ರಾನೂ ದರ ಇಳಿಸು ಅಂತೀಯ," ಎಂದು ನಕ್ಕರು. ಆದರೂ ಐದು, ಎರಡು ಎಂದು ನಾಲ್ಕಾರು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು.

ಸಭೆಗೆ ಬಂದ ಫಾದರ್ ಚಿಕ್ಕ ವಯಸ್ಸಿನವರು, ಒಳ್ಳೆಯವರು. ಎಲ್ಲರಿಗೂ ತಾವೇ ಟೀ ಕೊಟ್ಟರು. ಮಕ್ಕಳಿಲ್ಲ, ಮೇಷ್ಟರುಗಳಿಗೆ ಸಂಬಳ ಹೊಂದಿಸಲಾಗುತ್ತಿಲ್ಲ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೊನೆಗೆ, ಇದು ನೀವು ಕಟ್ಟಿದ ಶಾಲೆ, ನೀವು ಹೇಗೆ ಹೇಳುತ್ತೀರೋ ಹಾಗೆ ಎಂದು ಕೈಮುಗಿದರು. ಅದು ಚೌಕಾಸಿಯ ಬಾಗಿಲು. ಅಷ್ಟು ಅಗಲವಾಗಿ ತೆರೆದದ್ದನ್ನು ನಾನು ಮಂಡಿಯಲ್ಲಿ ಕಂಡಿಲ್ಲ. ನಾನು ಏಳಲು ಹೋದೆ. ಮೊದಲು ಚರ್ಚಿನ ಹಿರಿಯರು ಹೇಳಲಿ ಸರ್ ಎಂದು ಫಾದರ್ ನಯವಾಗಿ ಹೇಳಿದರು. ಎಲ್ಲರೂ ಅಣ್ಣನ ಕಡೆ ತಿರುಗಿದರು.

ಅಣ್ಣ ಎದ್ದರು. ಎದುರಿಗೆ ಫಾದರ್, ಮಧ್ಯೆ ಹಬ್ಬದ ಹರಾಜಿನ ಅದೇ ಮೇಜು. ಕೈ ತಾನಾಗಿ ಜೋಡಿಕೊಂಡಿತು.

"ದೇವರಿಗೆ ಕೊಟ್ಟದ್ದು ಫಾದರ್. ನಿಮ್ಮ ಇಷ್ಟ."

ಜನ ಚಪ್ಪಾಳೆ ತಟ್ಟಿದರು. ಯಾರಿಗೂ ಶಾಲೆ ಮುಚ್ಚುವುದು ಬೇಕಿರಲಿಲ್ಲ, ಆದರೂ ತಟ್ಟಿದರು. ಮಾಲಿನ ಒಡೆಯನೇ ಕೊಟ್ಟೆ ಎಂದ ಮೇಲೆ ದಲ್ಲಾಳಿಗೆ ಮಾತಿಲ್ಲ.

ಹೊರಗೆ ಬಂದು ನಾನು ಬಾಯಿಗೆ ಬಂದಂತೆ ಬೈದೆ. ಅಣ್ಣ ಚಪ್ಪಲಿ ಹುಡುಕುತ್ತಾ, ಕೈ ಮುಗಿದ ಮೇಲೆ ಬೇರೆ ಮಾತು ಬಾಯಿಗೆ ಬರಲಿಲ್ಲ ಎಂದರು. ಫಾದರ್ ಅಣ್ಣನ ಹಿಂದೆಯೇ ಬಂದು, ಮೊಮ್ಮಗಳಿಗೆ ಶಿವಮೊಗ್ಗದ ಇಂಗ್ಲಿಷ್ ಶಾಲೆಯಲ್ಲಿ ಸೀಟು, ಬಸ್ಸು, ಎಲ್ಲಾ ಉಚಿತ ಎಂದು ಹೇಳಿ ಹೋದರು. ಬೇಡ, ಇಲ್ಲೇ ಸರ್ಕಾರಿ ಹೈಸ್ಕೂಲಿಗೆ ಸೇರಿಸಿ, ಅವಳ ಓದು ಕನ್ನಡದ್ದು ಎಂದು ನಾನು ಹೇಳಿದೆ. ಫಾದರ್ ತಮ್ಮ ಬಾಯಿಂದ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ ಎಂದರು ಅಣ್ಣ.

ಶಾಲೆಯ ಸಾಮಾನಿನ ಹರಾಜನ್ನೂ ನಾನೇ ಕೂಗಿದೆ. ಹೋಗುವ ಮನಸ್ಸಿರಲಿಲ್ಲ. ಆ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಈಗ ಕಾನ್ವೆಂಟಿನಲ್ಲಿ ಗೋಡೆ ಹಿಡಿದು ನಡೆಯುವ ಸ್ಥಿತಿಯಲ್ಲಿದ್ದಾರೆ. "ನೀನೇ ಕೂಗಪ್ಪ. ಬೇರೆಯವರು ಕೂಗಿದ್ರೆ ನನ್ನಿಂದ ಕೇಳೋಕಾಗಲ್ಲ," ಎಂದರು. ಶಿವಮೊಗ್ಗದಿಂದ ಒಬ್ಬ ಗುಜರಿ ಸಾಹೇಬರು ಲಾರಿ ತಂದಿದ್ದರು. ನಾನು ಅವರನ್ನು ಬದಿಗೆ ಕರೆದು, ಬೆಂಚು ಕಬ್ಬಿಣ ಎಲ್ಲಾ ನಿಮ್ಮದು, ಗಂಟೆಗೆ ಮಾತ್ರ ಕೂಗಬೇಡಿ ಎಂದು ಮೊದಲೇ ಮಾತಾಡಿಕೊಂಡೆ. ಊರಿನವರಿಗೂ ಹೇಳಿಟ್ಟೆ. ಗಂಟೆಯಾದರೂ ಅಣ್ಣನ ಮನೆಗೆ ಹೋಗಲಿ, ಈ ವ್ಯವಹಾರದಲ್ಲಿ ನಾನು ಗೆಲ್ಲುವುದು ಅದೊಂದೇ ಎಂದುಕೊಂಡಿದ್ದೆ.

ಎಲ್ಲಾ ಅಂದುಕೊಂಡಂತೆಯೇ ಆಯಿತು. ಅಣ್ಣ ಒಂದು ದರ ಹೇಳಿದರು, ಯಾರೂ ಏರಿಸಲಿಲ್ಲ, ನಾನು ಮೂರು ಸಲ ಕೂಗಿ ಮುಗಿಸಿದೆ. ಅಣ್ಣ ಗಂಟೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡರು. ಆಗ ಜನ ಖುಷಿಯಿಂದ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ಕೇಳಿ ಅಣ್ಣ ತಿರುಗಿದರು. ಎರಡೂ ಕೈಯಲ್ಲಿ ಗಂಟೆ ಎತ್ತಿ ಮೇಜಿನ ಮೇಲೆ ಇಟ್ಟರು. ದೇವರಿಗೆ ಕೊಟ್ಟದ್ದು ಎಂದರು.

ಮೇಜಿಗೆ ಬಂದದ್ದನ್ನು ಕೂಗಲೇಬೇಕು. ಕೂಗಿದೆ. ಹಿಂದೆಲ್ಲಾ ಯಾರಾದರೊಬ್ಬರು ಏರಿಸುತ್ತಿದ್ದರು, ಈಗಲೂ ಏರಿಸುತ್ತಾರೆ ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಏರಿಸುತ್ತಿದ್ದ ಕೈಗಳು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಇವರಿಗೆ ಗಂಟೆ ಬೇಡವಾಯಿತೇನೋ ಎಂದು ತಿಳಿದು ಸಾಹೇಬರು ತೂಕದ ದರ ಹೇಳಿದರು. ಒಂದನೇ ಸಲ, ಎರಡನೇ ಸಲ ಎಂದು ಎಳೆದೆಳೆದು ಕೂಗಿದೆ. ನನ್ನ ಗಂಟಲು ಜೀವನದಲ್ಲಿ ಅಷ್ಟು ನಿಧಾನವಾಗಿ ಎಂದೂ ನಡೆದಿಲ್ಲ. ಮೂರನೇ ಸಲವೂ ಬಂತು.

ಲಾರಿಯ ಹತ್ತಿರ ಹೋಗಿ ಹಬ್ಬದ ಹರಾಜಿನ ಪದ್ಧತಿ ವಿವರಿಸಿದೆ. ಸಾಹೇಬರು ಮರ್ಯಾದಸ್ಥರು, ದುಡ್ಡೂ ಬೇಡ, ತಗೊಂಡು ಹೋಗಿ ಎಂದರು. ನಾನು ಗಂಟೆಗೆ ಕೈ ಹಾಕಿದೆ. ಅಣ್ಣ ನನ್ನ ಮುಂಗೈ ಹಿಡಿದರು.

"ಬೇಡ ತಂಬಿ. ಕೊಟ್ಟಾಯ್ತು."

ಗಂಟೆಯ ನಾಲಗೆ ಕಟ್ಟಿರಲಿಲ್ಲವಾದ್ದರಿಂದ ಲಾರಿ ಹಂಪ್ ಹತ್ತಿದಾಗಲೆಲ್ಲಾ ಅದು ಬೆಂಚುಗಳ ನಡುವಿನಿಂದ ಠಣ್ ಎನ್ನುತ್ತಾ ಹೋಯಿತು.

ಹುಡುಗಿ ಜೂನಿನಿಂದ ಶಿವಮೊಗ್ಗದ ಬಸ್ಸು ಹತ್ತಿದಳು. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಉತ್ತರ ಗೊತ್ತಿದ್ದರೂ ಬಾಯಿಗೆ ಬರುತ್ತಿರಲಿಲ್ಲವಂತೆ. ದಸರಾ ರಜೆ ಮುಗಿದ ಮೇಲೆ ಹೋಗಲಿಲ್ಲ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಅಣ್ಣ ಒಳಗೆ ಮಲಗಿದ್ದರು. ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಒಂದು ಗಂಟೆ ಬುದ್ಧಿ ಹೇಳಿದೆ. ಇಲ್ಲಿನ ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟರು ನನಗೆ ಪರಿಚಯ, ಟಿ.ಸಿ. ನಾನೇ ತರ್ತೀನಿ, ಒಂದು ವರ್ಷ ಹೋದರೆ ಹೋಯಿತು, ಸಣ್ಣವರ ಜೊತೆ ಕೂರಲು ನಾಚಿಕೆಪಡಬೇಡ ಎಂದೆ. ನಿನಗೆ ಏನು ಬೇಕು ಅಂತ ಬಾಯಿಬಿಟ್ಟು ಕೇಳು ಮಗಳೇ, ಬೇಡ ಅಂತಾದರೂ ಜಗಳ ಮಾಡು ಎಂದೆ. ಎದುರು ಮಾತಾಡುವ ಗಿರಾಕಿಯ ಜೊತೆ ನಾನು ಸಂಜೆಯವರೆಗೂ ನಿಲ್ಲಬಲ್ಲೆ.

ಅವಳು ಎಲ್ಲವನ್ನೂ ತಲೆತಗ್ಗಿಸಿ ಕೇಳಿಸಿಕೊಂಡಳು. ಟೀ ತಂದು ನನ್ನ ಮುಂದೆ ಎರಡೂ ಕೈಯಲ್ಲಿ ಇಟ್ಟಳು.

"ನಿಮ್ಮ ಇಷ್ಟ ಮಾಮ," ಎಂದಳು.