ಪೀಪಾಯಿಯ ಬಿಸಿ ಕಾಯುತ್ತಿದ್ದ ಮಾವ

ನನ್ನ ಮಾವನವರ ಬಲಗೈ ತುಂಬ ಕರಡಿಯಂಥ ರೋಮ. ಎಡಗೈ ಮಾತ್ರ ಮೊಣಕೈವರೆಗೆ ನುಣ್ಣಗೆ. ಬೆಂಕಿಗೆ ಕಟ್ಟಿಗೆ ತಳ್ಳುತ್ತಿದ್ದುದು ಆ ಕೈಯಲ್ಲಿ.

ಹಡಗಿನಲ್ಲಿ ಅಡಿಗೆಯವರಾಗಿದ್ದು, ಕೊನೆಗೆ ಮದ್ರಾಸಿನ ರಾಯಪುರಂನಲ್ಲಿ ನೆಲೆಸಿದವರು. ಯಾವುದೋ ದೂರದ ಬಂದರಿನಲ್ಲಿ ಕಂಡದ್ದನ್ನು ಹಿತ್ತಲಲ್ಲಿ ಕಟ್ಟಿಕೊಂಡಿದ್ದರು: ಅಡ್ಡ ಮಲಗಿಸಿದ ಎಣ್ಣೆ ಪೀಪಾಯಿ, ಅದರ ಪಕ್ಕಕ್ಕೆ ಬೆಸೆದ ಕಬ್ಬಿಣದ ಸಣ್ಣ ಒಲೆ, ಇನ್ನೊಂದು ತುದಿಯಲ್ಲಿ ಹೊಗೆಕೊಳವೆ. ಬೆಂಕಿ ಒಲೆಯಲ್ಲಿ, ಮಾಂಸ ಪೀಪಾಯಿಯಲ್ಲಿ. ಒಂದರ ಮುಖ ಒಂದು ನೋಡುವಂತಿಲ್ಲ; ಒಲೆಯ ಬಿಸಿಹೊಗೆ ಮಾತ್ರ ಮಾಂಸವನ್ನು ಸವರಿ ಕೊಳವೆಯಿಂದ ಹೊರಹೋಗಬೇಕು. ಬೆಳಿಗ್ಗೆ ಇಟ್ಟ ಕುರಿತೊಡೆ ಸಂಜೆಗೆ ಬೇಯಬೇಕು. ಅಷ್ಟು ಹೊತ್ತೂ ಬಿಸಿ ಏರಬಾರದು, ಇಳಿಯಬಾರದು.

ನಾನೋ, ಹಾಲು ಉಕ್ಕುವ ಮೊದಲೇ ಉಕ್ಕಿತೆಂದು ಓಡುವವಳು. ಬೆಂದಿತೋ ಇಲ್ಲವೋ ಎಂದು ಪೀಪಾಯಿಯ ಮುಚ್ಚಳಕ್ಕೆ ಕೈ ಹಾಕಿದರೆ ಮಾವನ ಗುಡುಗು: "ಎಂತ ಮಾರಾಯ್ತಿ, ಅದೆಂತ ನಿನ್ನ ಸೀರೆ ಪೆಟ್ಟಿಗೆಯಾ, ಗಳಿಗೆಗೊಮ್ಮೆ ತೆಗೆದು ನೋಡ್ಲಿಕ್ಕೆ? ಬಿಸಿಯೆಲ್ಲ ಹಾರಿಹೋಯ್ತು!" ಆಮೇಲೆ ಪೀಪಾಯಿಯ ಹತ್ತಿರ ಅಂಗೈ ಹಿಡಿದು ನೋಡಿ, ಒಲೆಯ ಗಾಳಿಕಂಡಿಯನ್ನು ತುಸು ತೆರೆದು, ಹುಣಸೆ ಕಟ್ಟಿಗೆಯ ತೆಳು ಸೀಳೊಂದನ್ನು ಒಳಗೆ ತಳ್ಳುವರು. ಹೊಗೆಕೊಳವೆಯನ್ನು ಮಾತ್ರ ಯಾರೂ ಮುಟ್ಟಕೂಡದು. ಅದು ಕಟ್ಟಿಕೊಂಡರೆ ಬೆಂಕಿ ಉಸಿರುಗಟ್ಟಿ, ಮಾಂಸ ಕಹಿ. "ನನ್ನ ಕೈಯಲ್ಲಿ ಮಾಂಸ ಕೆಟ್ಟದ್ದುಂಟಾ? ನಮ್ಮ ಕಪ್ತಾನನನ್ನು ಕೇಳು!" ಎನ್ನುವರು. ಕಪ್ತಾನ ಎಲ್ಲಿದ್ದನೋ, ಪಾಪ.

ನನ್ನದು ಅಮ್ಮನ ಅಣ್ಣ ನಿಶ್ಚಯಿಸಿದ ಮದುವೆ. ಅಡಿಗೆಯವನ ಮನೆಗೆ ಮಗಳನ್ನು ಕೊಡುವುದೇ ಎಂದು ಮುನಿಸಿಕೊಂಡ ಅಪ್ಪ ಮದುವೆಯ ಊಟಕ್ಕೂ ಕೂರಲಿಲ್ಲ. ಮಗು ಹುಟ್ಟಿದ ಮೇಲೆ ಮೊದಲ ಸಲ ಮದ್ರಾಸಿಗೆ ಬಂದರು. ಈ ಸಲವೂ ಉಣ್ಣದೆ ಎದ್ದರೆ ನನ್ನ ಪಾಲಿಗೆ ತವರು ಮುಗಿದಂತೆಯೇ.

ಬೆಳಿಗ್ಗೆಯೇ ಕುರಿತೊಡೆ ಇಟ್ಟ ಮಾವ, ಬೆಂಕಿಯನ್ನು ಹದಕ್ಕೆ ತಂದು ಮಧ್ಯಾಹ್ನ ತುಸು ಅಡ್ಡಾದರು. ನಾನು ಮಗುವನ್ನು ಮಲಗಿಸಿ ಹಿತ್ತಲಿಗೆ ಬಂದರೆ ಗಾಳಿಕಂಡಿಯಿಂದ ಕಪ್ಪು ಹೊಗೆ ಉಕ್ಕುತ್ತಿದೆ. ನಮ್ಮೂರಲ್ಲಿ ಕಡುಬಿನ ಪಾತ್ರೆಯ ಬಾಯಿಗೆ ಒದ್ದೆಬಟ್ಟೆ ಸುತ್ತಿ ಹಬೆ ಕಟ್ಟುತ್ತಾರಲ್ಲ, ಹಾಗೆ ಅಪ್ಪ ಕೊಳವೆಗೆ ಒದ್ದೆಬಟ್ಟೆ ತುರುಕಿದ್ದರು.

"ನೋಡು, ಎಷ್ಟು ಬಿಸಿ ಪೋಲಾಗ್ತಾ ಇತ್ತು!" ಎಂದರು ಹೆಮ್ಮೆಯಿಂದ.

ಅಷ್ಟರಲ್ಲಿ ಮಾವ ಬಂದೇಬಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ. ಗುಡುಗು ಬರಲಿಲ್ಲ. ಕಣ್ಣು ಬಿಟ್ಟರೆ, ಕಿವಿ ಕೆಂಪಾದ ಮಾವ ಬಟ್ಟೆ ಕಿತ್ತು, ನಂದಿದ ಕೊಳ್ಳಿಗಳನ್ನು ಎಳೆದು, ಹೊಸ ಸೀಳು ಹಚ್ಚುತ್ತಿದ್ದರು. "ಬಾವ, ಒಳಗೆ ಕೂತ್ಕೊಳ್ಳಿ. ಹೊಗೆ ಕಣ್ಣಿಗೆ ಆಗೂದಿಲ್ಲ" ಎಂದರು, ಅಷ್ಟೇ.

ಸಂಜೆ ಮಾಂಸದ ಮೇಲೆ ಕೂತ ಮಸಿ ಕೆತ್ತಿ ಒಳಗಿನದನ್ನು ಬಡಿಸಿದರು. ಆದರೂ ಕಹಿ. ಅಪ್ಪ ಅಗಿಯುವುದನ್ನು ನಿಲ್ಲಿಸಿದರು.

"ಇವತ್ತು ನನ್ನ ಕೈ ತಪ್ಪಿತು, ಬಾವ" ಎಂದರು ಮಾವ. ಯಾವ ಕಪ್ತಾನನ ಮುಂದೆಯೂ ಅವರು ಆ ಮಾತು ಆಡಿರಲಾರರು.

ಅಪ್ಪ ನನ್ನ ಕಡೆ ನೋಡಿದರು. ನನ್ನ ಮುಖವೇ ಎಲ್ಲ ಹೇಳಿರಬೇಕು.

"ಆ ಬಟ್ಟೆಯಿಂದಲಾ ಮಾರಾಯ್ರೆ?"

ಮಾವ ಅನ್ನ ಕಲಸುತ್ತಲೇ ಇದ್ದರು.

"ಹಾಗಾದ್ರೆ ಇನ್ನೊಂದು ತುಂಡು ಹಾಕಿ. ಅರ್ಧ ಅಡಿಗೆ ನನ್ನದೇ ಅಲ್ವಾ?" ಎಂದರು ಅಪ್ಪ.

ಮಾವ ನಕ್ಕು ನಕ್ಕು ನೆತ್ತಿಗೇರಿಸಿಕೊಂಡರು. ಮುಂದೆ ಪ್ರತಿ ಬೇಸಿಗೆಗೂ ಅಪ್ಪ ಬಂದರು, ಮುಚ್ಚಳ ತೆಗೆಯಲು ಹೋಗಿ ನನ್ನಷ್ಟೇ ಬೈಸಿಕೊಂಡರು.

ಮಾವ ತೀರಿಕೊಂಡಾಗ, ಈ ವಯಸ್ಸಿನಲ್ಲಿ ಬೇಡವೆಂದು ಎಲ್ಲರೂ ತಡೆದರೂ ಅಪ್ಪ ಕೇಳಲಿಲ್ಲ. ಚಟ್ಟದ ಮುಂದಿನ ತುದಿಗೆ ಹೆಗಲು ಕೊಟ್ಟರು. ಎಲ್ಲಿ ಎಡವುತ್ತಾರೋ ಎಂದು ಬೀದಿಯ ತಿರುವಿನವರೆಗೂ ನಾನು ಅವರ ಕಾಲನ್ನೇ ನೋಡುತ್ತ ನಿಂತಿದ್ದೆ.