ಅಪ್ಪ ಹೆಣೆದ ಜಡೆ

ಇವತ್ತು ಬೆಳಗ್ಗೆ ಬಿಸಿಲಿಗೆ ಹಾಕಲೆಂದು ಹಳೆಯ ಕಂಬಳಿ ಕೊಡವಿದೆ. ಬೇಯಿಸಿದ ಹುಣಸೆಬೀಜದ ವಾಸನೆ ಅದರಲ್ಲಿ ಇನ್ನೂ ಇತ್ತು.

ನಮ್ಮೂರು ದೊಡ್ಡಉಳ್ಳಾರ್ತಿಯಲ್ಲಿ ನಮ್ಮಪ್ಪ ಕಂಬಳಿ ನೇಯುತ್ತಿದ್ದ. ಬೀದಿಯುದ್ದಕ್ಕೂ ಉಣ್ಣೆಯ ಎಳೆಗಳನ್ನು ಎಳೆದು ಕಟ್ಟಿ, ಅವು ಗಟ್ಟಿಯಾಗಲೆಂದು ಹುಣಸೆಬೀಜದ ಗಂಜಿಯನ್ನು ಕುಂಚದಿಂದ ಬಳಿಯುವಾಗ ಕೈ ನಿಲ್ಲಿಸುವಂತಿರಲಿಲ್ಲ. ನಿಂತರೆ ಎಳೆಗಳೆಲ್ಲ ಅಂಟಿಕೊಂಡು ಹಾಳಾಗುತ್ತಿದ್ದವು. ಓದು ಬಾರದ ಅಪ್ಪನಿಗೆ ನಾನು ಪಕ್ಕದಲ್ಲಿ ಕೂತು, ಶಾಲೆಯಿಂದ ತಂದ ಕಾದಂಬರಿ ಓದಿ ಹೇಳುತ್ತಿದ್ದೆ. ಅದು ಗುಲಾಮರ ಕತೆ. ಅವತ್ತು ಓದಿದ ಪುಟದಲ್ಲಿ ಗುಲಾಮನೊಬ್ಬನ ಮಗಳನ್ನು ಮಾರಿದ್ದಾರೆ, ಒಯ್ಯಲು ಗಾಡಿ ಬಂದು ನಿಂತಿದೆ. ತಂದೆ ಅವಳ ಜಡೆ ಹೆಣೆಯುತ್ತಾನೆ, ಬಿಚ್ಚುತ್ತಾನೆ, ಮತ್ತೆ ಹೆಣೆಯುತ್ತಾನೆ. ಅಷ್ಟು ಹೊತ್ತಾದರೂ ಗಾಡಿ ಕಾಯಲಿ ಎಂದು.

ಅಪ್ಪನ ಕುಂಚ ನಿಂತಿತು.

"ಗಂಜಿ ಒಣಗ್ತೈತೆ, ಕೈ ಆಡ್ಸ್ರಿ!" ಅವ್ವ ಕೂಗಿದಳು.

"ಒಣಗ್ಲಿ ಬಿಡೇ," ಎಂದ ಅಪ್ಪ ನನ್ನ ಕಡೆ ತಿರುಗಿ ಕೇಳಿದ, "ಆ ಕೂಸು ಮತ್ತೆ ಸಿಕ್ತೇನವ್ವಾ?"

ನಾನು ಕೊನೆಯವರೆಗೂ ಮೊದಲೇ ಓದಿಬಿಟ್ಟಿದ್ದೆ. ಇಲ್ಲವೆಂದು ತಲೆಯಾಡಿಸಿದೆ.

ಅವತ್ತಿನ ಎಳೆಗಳೆಲ್ಲ ಹಾಳಾದವು. ಮರುದಿನ ನಾನು ಶಾಲೆಗೆ ಹೊರಟಾಗ ಅಪ್ಪ ಅವ್ವನ ಕೈಯಿಂದ ಬಾಚಣಿಗೆ ಇಸಿದುಕೊಂಡು ತಾನೇ ಜಡೆ ಹಾಕಿದ. ಗೊತ್ತಿಲ್ಲದ ಕೆಲಸ, ತುದಿಗೆ ಕಂಬಳಿಯ ಅಂಚಿಗೆ ಹಾಕುವ ಗಂಟನ್ನೇ ಬಿಗಿದುಬಿಟ್ಟ. ಸಂಜೆ ಆ ಗಂಟು ಬಿಚ್ಚಲಾಗದೆ ಅವ್ವ ಬೈಯುತ್ತಾ ಕತ್ತರಿ ತಂದಳು. ನಾನು ಮುಟ್ಟಗೊಡಲಿಲ್ಲ.

ಇವತ್ತು ಮಗಳ ಜಡೆ ಹೆಣೆದು ಮುಗಿಸುವಷ್ಟರಲ್ಲಿ ಶಾಲೆಯ ವ್ಯಾನು ಬಂದು ಹಾರ್ನ್ ಹೊಡೆಯಿತು. ಸಂಜೆಗೆ ಮನೆಗೆ ಬರುವ ಮಗಳು ಅಪ್ಪನಿಗಿದ್ದಳು, ನನಗೂ ಇದ್ದಾಳೆ. ಆದರೂ ಜಡೆಯನ್ನೊಮ್ಮೆ ಬಿಚ್ಚಿ, ಮತ್ತೆ ಹೆಣೆದೆ.